ಹೊಸ ವರ್ಷಕ್ಕೆ ಹಿರಿಯರು ಏನು ಶುರು ಮಾಡಬಹುದು? ಮಲೆನಾಡಿನವರ ಅನುಭವ ಬೇಕು

ತೀರ್ಥಹಳ್ಳಿ ಹತ್ತಿರದಿಂದ, ನಿವೃತ್ತ ಶಿಕ್ಷಕಿ, ವಯಸ್ಸು 66

ನಮಸ್ಕಾರ. ನಮ್ಮದು ತೋಟದ ಮನೆ. ಇರುವುದು ನಾನು, ನಮ್ಮವರು ಇಬ್ಬರೇ. ಅವರಿಗೆ 71. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಪ್ರತಿ ವರ್ಷ ಜನವರಿ ಒಂದಕ್ಕೆ ವಾಕಿಂಗ್ ಶುರುವಾಗುತ್ತದೆ. ಸಂಕ್ರಾಂತಿ ಬರುವುದರೊಳಗೆ ಅಡಿಕೆ ಸುಗ್ಗಿಯ ಗಡಿಬಿಡಿಯಲ್ಲಿ ನಿಂತುಹೋಗುತ್ತದೆ. ನನಗೆ ಮಂಡಿ ನೋವು. ಅಂಗಳದ ಮೆಟ್ಟಿಲು ಇಳಿಯುವಾಗ ಹೆದರಿಕೆ. ನಮ್ಮವರು ಎಲ್ಲರ ಜೊತೆ ಹರಟೆ ಹೊಡೆಯುತ್ತಿದ್ದವರು, ಈಗ ಮಾತೇ ಕಡಿಮೆ. ಟಿವಿ ಜೋರಾಗಿ ಹಾಕಿಕೊಂಡು ಕೂರುತ್ತಾರೆ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಹಳೇ ಸ್ನೇಹಿತರು ಸಿಕ್ಕರೂ ಸುಮ್ನೆ ತಲೆಯಾಡಿಸಿ ಬಂದುಬಿಟ್ಟರು. ಯೋಗ, ಧ್ಯಾನ, ಡಯಟ್ ಅಂತ ಮೊಬೈಲಿನಲ್ಲಿ ಬೇಕಾದಷ್ಟು ಬರುತ್ತದೆ. ನಮ್ಮಂಥ ಮನೆಯಲ್ಲಿ, ನಮ್ಮಂಥವರಿಗೆ, ವರ್ಷವಿಡೀ ನಡೆಸಿಕೊಂಡು ಹೋಗುವಂಥದ್ದು ಯಾವುದು? ಮಾಡಿ ನೋಡಿದವರು ಹೇಳಿ.

ಸಾಗರದಿಂದ, ನಿವೃತ್ತ ನರ್ಸ್

ಅಕ್ಕಾ, ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೆಟ್ಟಿಲಿನ ಹೆದರಿಕೆ. ಅದರಿಂದಲೇ ಶುರು ಮಾಡಿ. ವಾಕಿಂಗ್ ಆಮೇಲೆ.

ವಾರ್ಡಿನಲ್ಲಿ ಕೆಲಸ ಮಾಡುವಾಗ ಸೊಂಟದ ಮೂಳೆ ಮುರಿದುಕೊಂಡು ಬಂದ ಎಷ್ಟೋ ಹಿರಿಯರನ್ನು ನೋಡಿದ್ದೇನೆ. ಹೆಚ್ಚಿನವರು ಬಿದ್ದದ್ದು ಗುಡ್ಡದಲ್ಲೋ ರಸ್ತೆಯಲ್ಲೋ ಅಲ್ಲ. ಬಚ್ಚಲಿನಲ್ಲಿ, ಹಿತ್ತಲ ಬಾಗಿಲಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ, ರಾತ್ರಿ ಲೈಟ್ ಹಾಕದೆ ಎದ್ದು ಹೋಗುವಾಗ. ಮೂಳೆ ಕೂಡಿಕೊಂಡ ಮೇಲೂ ಅವರಲ್ಲಿ ಎಷ್ಟೋ ಜನ ಮತ್ತೆ ಒಬ್ಬರೇ ತೋಟಕ್ಕೆ ಇಳಿಯಲಿಲ್ಲ.

65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಎಲ್ಲರಿಗೂ ಗೊತ್ತು. ಅದೇ ಸಲಹೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದೇ ಇಲ್ಲ. ಮೈಗೆ ಬಲ ಬರುವ, ಸಮತೋಲನ ಸುಧಾರಿಸುವ ವ್ಯಾಯಾಮ ವಾರಕ್ಕೆ 3 ದಿನವಾದರೂ ಇರಬೇಕು. ಬರೀ ನಡೆದರೆ ಇದು ಪೂರ್ತಿ ಆಗುವುದಿಲ್ಲ.

ಮಾಡುವುದು ಸುಲಭ. ಕೈ ಇರುವ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಕೂತು ಏಳಿ, ಮತ್ತೆ ನಿಧಾನವಾಗಿ ಕೂರಿ. ದೊಪ್ಪೆಂದು ಕೂರಬಾರದು, ಕಾಲಿಗೆ ಬಲ ಬರುವುದು ಆ ನಿಧಾನದಲ್ಲೇ. ಐದು ಸಲದಿಂದ ಶುರು ಮಾಡಿ. ಆಮೇಲೆ ಜಗಲಿ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಇದು ರೂಢಿಯಾದ ಮೇಲೆ ಕಂಬ ಹಿಡಿದುಕೊಂಡೇ ಹತ್ತು ಎಣಿಸುವ ತನಕ ಒಂದು ಕಾಲಿನ ಮೇಲೆ ನಿಲ್ಲಿ. ಇದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಕಾಫಿಗೆ ನೀರು ಇಟ್ಟಾಗ ಮಾಡಿ. ಸುಗ್ಗಿಯಲ್ಲೂ ಕಾಫಿ ತಪ್ಪುವುದಿಲ್ಲ, ಅಲ್ವಾ?

ಮನೆಯನ್ನೂ ಒಂದು ಸುತ್ತು ನೋಡಿ. ಬಚ್ಚಲ ಗೋಡೆಗೆ ಹಿಡಿಕೆ, ಅಂಗಳದ ಮೆಟ್ಟಿಲಿಗೆ ಕಬ್ಬಿಣದ ಕಂಬಿ. ಮಳೆಗಾಲದಲ್ಲಿ ಅಂಗಳಕ್ಕೆ ಹಾಸುವ ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ನಾಲ್ಕು ಮಳೆ ಬಿದ್ದರೆ ಜಾರಲು ಶುರು. ಬೇಸಿಗೆಯಲ್ಲೇ ಓಡಾಡುವ ಜಾಗಕ್ಕೆ ಒರಟು ಕಲ್ಲು ಹಾಕಿಸಿಬಿಡಿ. ಮಕ್ಕಳು ಹೊಸ ವರ್ಷಕ್ಕೆ ಏನು ಬೇಕು ಎಂದು ಕೇಳಿದರೆ ಇದನ್ನೇ ಕೇಳಿ.

ಶುರು ಮಾಡುವ ಮುಂಚೆ ಡಾಕ್ಟರ್ ಹತ್ತಿರ ಒಮ್ಮೆ ಹೋಗಿ ಬನ್ನಿ. ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ನೋಡಲು ಹೇಳಿ. ಕೆಲವರಿಗೆ ಎದ್ದ ಕೂಡಲೇ ಬಿಪಿ ಇಳಿದು ತಲೆ ತಿರುಗುತ್ತದೆ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಕಣ್ಣಿನಲ್ಲಿ ಪೊರೆ ಇದೆಯಾ ನೋಡಿಸಿ. ಪಾದ ಜೋಮು ಹಿಡಿಯುತ್ತಿದ್ದರೆ ಬಿ12 ಪರೀಕ್ಷೆಯ ಬಗ್ಗೆ ಕೇಳಿ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇದು ಕಡಿಮೆಯಾಗುವುದು ಜಾಸ್ತಿ.

ಊಟದ ಬಗ್ಗೆ ಒಂದೇ ಮಾತು. ರಾತ್ರಿ ಗಂಜಿ, ಉಪ್ಪಿನಕಾಯಿ ಸಾಕು ಅನ್ನಬೇಡಿ. ಕಾಲಿಗೆ ಬಲ ಬರಬೇಕಾದರೆ ಹೆಸರುಕಾಳು, ಹುರುಳಿ, ಮೊಸರು, ತಿನ್ನುವವರಾದರೆ ಮೊಟ್ಟೆ ಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ನನಗೂ ಪ್ರಾಣ. ಆದರೆ ದಿನಕ್ಕೆ 5 ಗ್ರಾಂ ಒಳಗೆ ಇರಬೇಕಾದ ಉಪ್ಪು, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ, ಮಿಡಿ ಮತ್ತು ಹಪ್ಪಳದಲ್ಲೇ ಎಷ್ಟೋ ಮುಗಿದುಹೋಗುತ್ತದೆ.

ಶಿವಮೊಗ್ಗ, ವಿನೋಬನಗರದಿಂದ

ನಾನು ನಿಮ್ಮ ಯಜಮಾನರ ಬಗ್ಗೆ ಬರೆಯುತ್ತೇನೆ. ಟಿವಿ ಜೋರು, ಜನರ ನಡುವೆ ಮೌನ, ಸುಮ್ನೆ ತಲೆಯಾಡಿಸುವುದು. ದಯವಿಟ್ಟು ಮೊದಲು ಅವರ ಕಿವಿ ಪರೀಕ್ಷೆ ಮಾಡಿಸಿ.

ನಮ್ಮವರೂ ಹೀಗೇ ಆಗಿದ್ದರು. ತಾಳಮದ್ದಳೆ ಎಂದರೆ ಊಟ ಬಿಟ್ಟು ಹೋಗುತ್ತಿದ್ದವರು ಹೋಗುವುದನ್ನೇ ಬಿಟ್ಟರು. ವಯಸ್ಸಾಯಿತು, ವೈರಾಗ್ಯ ಬಂತು ಎಂದರು ನೆಂಟರು. ನನಗೆ ಮಾತ್ರ ಸಮಾಧಾನ ಇರಲಿಲ್ಲ. ಮೆಗ್ಗಾನ್ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಕರೆದುಕೊಂಡು ಹೋದೆ. ಗುಗ್ಗೆ ತೆಗೆದ ಮೇಲೆ ಪರೀಕ್ಷೆ ಮಾಡಿದರು. ಎರಡೂ ಕಿವಿಯ ಶಕ್ತಿ ಕುಗ್ಗಿತ್ತು. ಗದ್ದಲದಲ್ಲಿ ಯಾರ ಮಾತೂ ಬಿಡಿಸಿ ಕೇಳಿಸುತ್ತಿರಲಿಲ್ಲ. ಏನಂದಿರಿ ಎಂದು ಮತ್ತೆ ಮತ್ತೆ ಕೇಳಲು ನಾಚಿಕೆಯಾಗಿ ದೂರವೇ ಉಳಿದಿದ್ದರು. ಅಷ್ಟು ದಿನ ಅವರು ಒಳಗೊಳಗೇ ಎಷ್ಟು ಒಂಟಿಯಾಗಿದ್ದರು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಶ್ರವಣ ಸಾಧನ ಹಾಕಿದ ಕೂಡಲೇ ಎಲ್ಲ ಸರಿಹೋಗುವುದಿಲ್ಲ, ಇದನ್ನು ಮುಂಚೆಯೇ ತಿಳಿದಿರಿ. ಮೊದಮೊದಲು ಪಾತ್ರೆ ಸದ್ದು, ಮಿಕ್ಸಿ ಸದ್ದು ತಲೆಗೆ ಬಡಿದ ಹಾಗಾಗುತ್ತದೆ. ಬೇಸತ್ತು ಪೆಟ್ಟಿಗೆಗೆ ಹಾಕಿಬಿಡುವವರೂ ಇದ್ದಾರೆ. ನಾವು ಮನೆಯಲ್ಲಿ ನಿಶ್ಶಬ್ದ ಇರುವ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿ ರೂಢಿ ಮಾಡಿಕೊಂಡೆವು. ಸದ್ದು ಹೊಂದಿಸಲು ಅವರನ್ನು ಮತ್ತೆ ಕರೆದುಕೊಂಡು ಹೋದೆ. ನಾನೂ ಅಡುಗೆಮನೆಯಿಂದ ಕೂಗುವುದು ಬಿಟ್ಟು ಎದುರಿಗೆ ಬಂದು ಮಾತಾಡುವುದು ಕಲಿತೆ. ಈಗ ತಾಳಮದ್ದಳೆಯಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಮನೆಗೆ ಬಂದು ಯಾವ ಅರ್ಥಧಾರಿ ಏನೆಂದರು ಎಂದು ವಿವರವಾಗಿ ಹೇಳುತ್ತಾರೆ.

ಮರೆವಿನ ಕಾಯಿಲೆ ಬರುವ ಅಪಾಯ ಹೆಚ್ಚಿಸುವ, ಆದರೆ ನಾವು ಸರಿಪಡಿಸಿಕೊಳ್ಳಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಪಟ್ಟಿ ಮಾಡಿದೆ. ಕಿವಿ ಕೇಳಿಸದಿರುವುದು, ಜನರಿಂದ ದೂರವಾಗುವುದು ಎರಡೂ ಅದರಲ್ಲಿವೆ. ತಡ ಮಾಡಬೇಡಿ. ಕಿವಿ ಸರಿಯಿದ್ದೂ ಮನಸ್ಸು ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಅಂತ, ಸರ್ಕಾರದ್ದೇ, ದುಡ್ಡು ಕೊಡಬೇಕಿಲ್ಲ.

ಹೊಸನಗರ ಕಡೆಯಿಂದ

ವಾಕಿಂಗ್ ಹೋಗುವವರಿಗೆ ಒಂದು ಎಚ್ಚರಿಕೆ. ಜನವರಿಯಿಂದ ಮಳೆ ಹಿಡಿಯುವ ತನಕ ಕಾಡಿನ ದಾರಿ ಬೇಡ. ಮಂಗನ ಕಾಯಿಲೆಯ ಕಾಲ ಅದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಇದರಿಂದ ಹಲವರು ತೀರಿಕೊಂಡದ್ದು ನಮಗೆಲ್ಲ ಗೊತ್ತಿದೆ. ಇದನ್ನು ಹರಡುವ ಉಣುಗು (ಉಣ್ಣೆ) ತರಗೆಲೆಯಲ್ಲಿ ಇರುತ್ತವೆ. ಟಾರು ರಸ್ತೆಯಲ್ಲೇ ನಡೆಯಿರಿ. ತೋಟ, ಬೆಟ್ಟಕ್ಕೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಬದಲಾಯಿಸಿ. ಜ್ವರ ಬಂದರೆ ಕಷಾಯ ಕುಡಿದು ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು, ಇಬ್ಬನಿ ಬೀಳುವಾಗ ಐದೂವರೆಗೆಲ್ಲ ಎದ್ದು ಹೊರಡುವುದು ಏಕೆ? ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಬಿಸಿಲು ಬಂದ ಮೇಲೆ ಹೋದರೆ ಸಾಕು.

ಶಿವಮೊಗ್ಗ, ಗೋಪಾಳದಿಂದ, ವಯಸ್ಸು 73

ಟೀಚರ್, ನಾನು ಹೇಳುವುದು ಸ್ವಲ್ಪ ಬೇರೆ. ಇಬ್ಬರೂ ಗಟ್ಟಿಯಾಗಿ ಇರುವಾಗಲೇ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿಯಿರಿ.

ನಮ್ಮ ಮನೆಯವಳು ತೀರಿಕೊಂಡಾಗ ನನಗೆ ಅನ್ನಕ್ಕೆ ಎಷ್ಟು ನೀರು ಇಡಬೇಕು ಎಂದೂ ತಿಳಿದಿರಲಿಲ್ಲ. ಪಕ್ಕದ ಮನೆಯ ಅಮ್ಮ ಸಾರು, ಪಲ್ಯ, ತಂಬುಳಿ ಹೇಳಿಕೊಟ್ಟರು. ಈ ವಯಸ್ಸಿನಲ್ಲಿ ಹೊಸದೊಂದು ಕೈಗೆ ಹತ್ತಿತು ಎನ್ನುವ ಖುಷಿಯೇ ಆಗ ನನ್ನನ್ನು ಎತ್ತಿ ನಿಲ್ಲಿಸಿತು. ಈಗ ಒಂದೆಲಗದ ತಂಬುಳಿ ಮಾಡಿ ಸ್ನೇಹಿತರನ್ನು ಊಟಕ್ಕೆ ಕರೆಯುತ್ತೇನೆ. ಅದೇ ಜೊತೆಯಲ್ಲಿ ಗಮಕ ಕೇಳಲು ಹೋಗುತ್ತೇವೆ. ಗಮಕಕ್ಕೆ ಹೆಸರಾದ ಹೊಸಹಳ್ಳಿ ಪಕ್ಕದಲ್ಲೇ ಇರುವ ನಮಗೆ ಅದೊಂದು ಭಾಗ್ಯ.

ನಿಮ್ಮ ಯಜಮಾನರು ಅಡುಗೆ ಕಲಿಯಲಿ. ನೀವು ಬ್ಯಾಂಕು, ಅಡಿಕೆ ಮಂಡಿಯ ಲೆಕ್ಕ, ಪಹಣಿ ಎಲ್ಲಿದೆ ಎಂಬುದೆಲ್ಲ ತಿಳಿದುಕೊಳ್ಳಿ. ಮೊಬೈಲಿನಲ್ಲಿ ದುಡ್ಡು ಕಳಿಸುವುದನ್ನೂ ಕಲಿಯಿರಿ. ಪೊಲೀಸ್ ಎಂದು ಹೇಳಿಕೊಂಡು ವಿಡಿಯೋ ಕರೆಯಲ್ಲಿ ಹೆದರಿಸಿದರೆ ಫೋನ್ ಇಟ್ಟುಬಿಡಿ, ಡಿಜಿಟಲ್ ಅರೆಸ್ಟ್ ಎನ್ನುವುದು ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಿರಿಯರಿಗೆ ಬೇರೆ ಯಾವ ತೊಂದರೆ ಇದ್ದರೂ ಹಿರಿಯರ ಸಹಾಯವಾಣಿ 14567.

ತೀರ್ಥಹಳ್ಳಿಯ ಶಿಕ್ಷಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿವಿ ಎಂದು ನನಗೆ ಹೊಳೆದೇ ಇರಲಿಲ್ಲ. ಓದಿ ಹೇಳಿದೆ, ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸುಗ್ಗಿ ಮುಗಿಯುವುದು ಬೇಡ, ಸೋಮವಾರವೇ ಹೋಗೋಣ ಎಂದರು. ಸಾಗರದ ತಂಗಿ, ಕುರ್ಚಿಯಿಂದ ಎದ್ದರೆ ಮಂಡಿ ಕಟಕಟ ಅನ್ನುತ್ತದೆ. ಮಾಡಬಹುದಾ?

ಸಾಗರದಿಂದ, ನಿವೃತ್ತ ನರ್ಸ್

ನೋವಿಲ್ಲದೆ ಬರೀ ಸದ್ದು ಬಂದರೆ ಹೆದರಬೇಡಿ ಅಕ್ಕಾ. ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ಆಗ ಮಂಡಿಯ ಮೇಲೆ ಭಾರ ಕಡಿಮೆ. ಶುರುವಿನಲ್ಲಿ ಕುರ್ಚಿಯ ಕೈ ಊರಿಕೊಂಡೇ ಏಳಿ. ಮಾರನೇ ದಿನ ನೋವು ಜಾಸ್ತಿಯಾದರೆ ಸಂಖ್ಯೆ ಇಳಿಸಿ. ಮಂಡಿ ಊದಿಕೊಂಡರೆ, ಬಿಸಿಯಾದರೆ, ನಡೆಯುವಾಗ ಸಿಕ್ಕಿಹಾಕಿಕೊಂಡ ಹಾಗಾದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅಡಿಕೆ ಸುಲಿಯುವಾಗಲೂ ನೆಲದಲ್ಲಿ ಗಂಟೆಗಟ್ಟಲೆ ಕೂರಬೇಡಿ, ಆಗಾಗ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ.