ಆಮ್ಲಜನಕ ಸಾಲದ ಗಡ್ಡೆಯಲ್ಲಿ ಸ್ತನ ಕ್ಯಾನ್ಸರಿನ ಕಾಂಡಕೋಶಗಳು ಹೆಚ್ಚುವುದೇಕೆ?

ಪ್ರಶ್ನೆ:
ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಗಡ್ಡೆಯೊಳಗೆ ಆಮ್ಲಜನಕ ಕಡಿಮೆಯಾದಾಗ ಸ್ತನ ಕ್ಯಾನ್ಸರಿನ ಕಾಂಡಕೋಶಗಳು ಹೆಚ್ಚುತ್ತವೆ ಎಂದು ಓದಿದ ವಿದ್ಯಾರ್ಥಿನಿಯೊಬ್ಬಳು, ಆಮ್ಲಜನಕವಿಲ್ಲದೆ ಕೋಶಗಳು ಸಾಯಬೇಕಲ್ಲವೇ ಎಂದು ಕೇಳಿದಳು. ಬೇರೆ ಕೋಶಗಳು ಸತ್ತು ಇವು ಮಾತ್ರ ಉಳಿಯುವುದರಿಂದ ಇವುಗಳ ಪಾಲು ಹೆಚ್ಚಿದಂತೆ ಕಾಣುತ್ತದೆಯೋ, ಅಥವಾ ಸಾಮಾನ್ಯ ಕ್ಯಾನ್ಸರ್ ಕೋಶಗಳೇ ಕಾಂಡಕೋಶದ ಗುಣವನ್ನು ಪಡೆಯುತ್ತವೆಯೋ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1:
ಎರಡೂ ನಡೆಯಬಹುದು ಮೇಷ್ಟ್ರೇ. ಆದರೆ ಎರಡನೆಯದಕ್ಕೆ ಪ್ರಯೋಗದ ನೇರ ಆಧಾರವಿದೆ.

ಕ್ಯಾನ್ಸರ್ ಕಾಂಡಕೋಶಗಳೆಂದರೆ ಹೊಸ ಗಡ್ಡೆಯನ್ನೇ ಬೆಳೆಸಬಲ್ಲ ಕೋಶಗಳು; ಅವನ್ನು ಗುರುತಿಸುವುದು ಅವು ಮಾಡುವ ಈ ಕೆಲಸದಿಂದ. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮೈಕೆಲ್ ಕ್ಲಾರ್ಕ್ ಅವರ ತಂಡವು, ಮೇಲ್ಮೈಯಲ್ಲಿ ಸಿಡಿ44 ಎಂಬ ಪ್ರೋಟೀನ್ ಇದ್ದು ಸಿಡಿ24 ಎಂಬ ಪ್ರೋಟೀನ್ ಇಲ್ಲದ ಅಥವಾ ತೀರಾ ಕಡಿಮೆಯಿರುವ ಕೋಶಗಳನ್ನು ರೋಗಿಗಳ ಗಡ್ಡೆಯಿಂದ ಬೇರ್ಪಡಿಸಿ ಇಲಿಗಳಿಗೆ ಸೇರಿಸಿದಾಗ, ಬರೀ ನೂರು ಕೋಶಗಳಿಂದಲೂ ಹೊಸ ಗಡ್ಡೆ ಬೆಳೆಯಿತು; ಉಳಿದ ಬಗೆಯ ಕೋಶಗಳನ್ನು ಹತ್ತಾರು ಸಾವಿರ ಸೇರಿಸಿದರೂ ಬೆಳೆಯಲಿಲ್ಲ.

ಇನ್ನು ಆಮ್ಲಜನಕದ ಪಾತ್ರ. ಅದು ಸಾಕಷ್ಟಿರುವಾಗ ಹಿಫ್-1 ಆಲ್ಫಾ (ಮುಂದೆ ಹಿಫ್) ಎಂಬ ಪ್ರೋಟೀನ್ ಹುಟ್ಟಿದ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ: ಒಂದು ಕಿಣ್ವವು ಆಮ್ಲಜನಕವನ್ನೇ ಬಳಸಿ ಅದರ ಮೇಲೆ ಹೈಡ್ರಾಕ್ಸಿಲ್ ಗುರುತು ಹಾಕುತ್ತದೆ, ವಿಎಚ್‌ಎಲ್ ಪ್ರೋಟೀನ್ ಆ ಗುರುತನ್ನು ಹಿಡಿದು ಅದನ್ನು ವಿಲೇವಾರಿಗೆ ಕಳುಹಿಸುತ್ತದೆ. ಆಮ್ಲಜನಕ ಇಳಿದರೆ ಗುರುತು ಬೀಳದೆ, ಹಿಫ್ ಉಳಿದುಕೊಂಡು ಕೋಶಕೇಂದ್ರವನ್ನು ಸೇರಿ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. (2019ರ ವೈದ್ಯಕೀಯ ನೊಬೆಲ್ ಸಂದದ್ದು ಈ ವ್ಯವಸ್ಥೆಯನ್ನು ಬಿಡಿಸಿದ ಸೆಮೆನ್ಜಾ, ರಾಟ್‌ಕ್ಲಿಫ್ ಮತ್ತು ಕೇಲಿನ್ ಅವರಿಗೆ.)

ನಿಮ್ಮ ಪ್ರಶ್ನೆಗೆ ಹತ್ತಿರದ್ದು ಸೆಮೆನ್ಜಾ ತಂಡದ 2016ರ ಕೆಲಸ. ಸ್ತನ ಕ್ಯಾನ್ಸರ್ ಕೋಶಗಳನ್ನು ಶೇ 1ರಷ್ಟು ಆಮ್ಲಜನಕದಲ್ಲಿಟ್ಟಾಗ ಹಿಫ್‌ನ ಮೂಲಕ ಎಎಲ್‌ಕೆಬಿಎಚ್5 ಎಂಬ ಕಿಣ್ವ ಹೆಚ್ಚಿತು. ಅದು ನ್ಯಾನಾಗ್ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎ ಮೇಲಿದ್ದ ಮೀಥೈಲ್ ಗುಂಪನ್ನು ತೆಗೆದುಹಾಕಿದ್ದರಿಂದ ಆ ಆರ್‌ಎನ್‌ಎ ಬೇಗ ಒಡೆಯದೆ ಉಳಿಯಿತು. ನ್ಯಾನಾಗ್ ಭ್ರೂಣದ ಕಾಂಡಕೋಶಗಳ ಗುಣವನ್ನು ಕಾಯುವ ಪ್ರೋಟೀನ್. ಅದು ಹೆಚ್ಚಿದಂತೆ ಕಾಂಡಕೋಶಗಳ ಪಾಲೂ ಏರಿತು, ಹಿಫ್ ಅನ್ನು ತಡೆದಾಗ ಈ ಏರಿಕೆ ಕಾಣಲಿಲ್ಲ. ಕೇವಲ ಉಳಿದವುಗಳ ಲೆಕ್ಕವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಉತ್ತರ 2:
ಇದರ ಚಿಕಿತ್ಸೆಯ ಮಗ್ಗುಲನ್ನೂ ತರಗತಿಯಲ್ಲಿ ಹೇಳಬೇಕು. ಹೊಸ ರಕ್ತನಾಳ ಬೆಳೆಯದಂತೆ ತಡೆದು ಗಡ್ಡೆಯನ್ನು ಉಪವಾಸ ಕೆಡವುವ ಔಷಧವೆಂದು ಬೆವಾಸಿಜುಮಾಬ್ ಬಂದಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಹರಡಿದ ಸ್ತನ ಕ್ಯಾನ್ಸರಿಗೆ ಅದನ್ನು ತ್ವರಿತ ಮಾರ್ಗದಲ್ಲಿ ಒಪ್ಪಿತ್ತು. ರೋಗಿಗಳ ಆಯುಸ್ಸು ಹೆಚ್ಚಿದ್ದು ಸಾಬೀತಾಗದೆ, ಅಡ್ಡ ಪರಿಣಾಮಗಳೂ ಇದ್ದುದರಿಂದ 2011ರ ನವೆಂಬರಿನಲ್ಲಿ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು. ಮರುವರ್ಷ ಸಂಶೋಧಕ ಮ್ಯಾಕ್ಸ್ ವಿಚಾ ಅವರ ತಂಡವು, ಇಲಿಗಳಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಗಡ್ಡೆಗಳಿಗೆ ಬೆವಾಸಿಜುಮಾಬ್ ಅಥವಾ ಅಂಥದ್ದೇ ಇನ್ನೊಂದು ಔಷಧವಾದ ಸುನಿಟಿನಿಬ್ ಕೊಟ್ಟಾಗ ಆಮ್ಲಜನಕದ ಕೊರತೆಯಾಗಿ ಕಾಂಡಕೋಶಗಳು ಹೆಚ್ಚುವುದನ್ನು ತೋರಿಸಿತು. ಔಷಧದ ಸೋಲಿಗೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೂ ಬೆಳವಣಿಗೆ ಕೆಲಕಾಲ ನಿಂತು ಮತ್ತೆ ಮರುಕಳಿಸಿದ್ದಕ್ಕೆ ಇದು ಒಪ್ಪುವ ವಿವರಣೆ ಎಂದು ನನಗನಿಸುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪ್ರಾಣಾಯಾಮದಿಂದಲೋ ಸಿಲಿಂಡರಿನ ಆಮ್ಲಜನಕದಿಂದಲೋ ಈ ಕೊರತೆಯನ್ನು ನೀಗಿಸಬಹುದೇ? ವಾಟ್ಸ್ಆ್ಯಪ್‌ನಲ್ಲಿ ಇಂಥ ಸಲಹೆಗಳು ಓಡಾಡುತ್ತಿವೆ.

ಉತ್ತರ 1:
ಅದನ್ನು ನಂಬಿ ಯಾರೂ ಚಿಕಿತ್ಸೆ ಬಿಡಬಾರದು. ಆರೋಗ್ಯವಂತ ಶ್ವಾಸಕೋಶವಿದ್ದವರ ಹಿಮೋಗ್ಲೋಬಿನ್ ಈಗಾಗಲೇ ಬಹುಮಟ್ಟಿಗೆ ಆಮ್ಲಜನಕದಿಂದ ತುಂಬಿರುತ್ತದೆ. ತೊಡಕಿರುವುದು ಗಡ್ಡೆಯ ಸೊಟ್ಟಪಟ್ಟ, ಸೋರುವ ರಕ್ತನಾಳಗಳಲ್ಲಿ. ನಾಳದಿಂದ ಆಮ್ಲಜನಕ ಹರಡುವುದೇ ಸುಮಾರು 0.1ರಿಂದ 0.2 ಮಿಲಿಮೀಟರ್ ದೂರ. ಆದ್ದರಿಂದ ಸಂಶೋಧಕರು ಹಿಫ್ ಅನ್ನೇ ತಡೆಯಲು ಯತ್ನಿಸುತ್ತಿದ್ದಾರೆ. ಹಿಫ್-1ರ ಸೋದರ ಪ್ರೋಟೀನ್ ಹಿಫ್-2 ಅನ್ನು ತಡೆಯುವ ಬೆಲ್ಜುಟಿಫಾನ್ ಎಂಬ ಔಷಧಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಆ ಒಪ್ಪಿಗೆ ವಿಎಚ್‌ಎಲ್ ಕಾಯಿಲೆಯವರ (ವಿಎಚ್‌ಎಲ್ ಜೀನಿನ ದೋಷದಿಂದ ಆನುವಂಶಿಕವಾಗಿ ಬರುವ ಕಾಯಿಲೆ) ಮೂತ್ರಪಿಂಡದ ಕ್ಯಾನ್ಸರ್ ಮತ್ತಿತರ ಕೆಲವು ಗಡ್ಡೆಗಳಿಗೆ, ಸ್ತನ ಕ್ಯಾನ್ಸರಿಗಲ್ಲ.