ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ: 2019ರಿಂದ 2024ಕ್ಕೆ ಮತಗಳು ಎತ್ತ ವಾಲಿದವು?

ಪ್ರಶ್ನೆ: ಶಿರಾ ಗೇಟ್, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಸೆಮಿನಾರಿಗಾಗಿ ನಮ್ಮ ಸೀಮೆಯ ಮೂರು ಲೋಕಸಭಾ ಕ್ಷೇತ್ರಗಳ ಫಲಿತಾಂಶವನ್ನು ಹೋಲಿಸಿ, ಪ್ರತಿ ಕ್ಷೇತ್ರದಲ್ಲೂ ಮತಗಳು ಯಾವ ಕಡೆಗೆ ಎಷ್ಟು ವಾಲಿದವು ಎಂಬುದನ್ನು ಲೆಕ್ಕ ಹಾಕುತ್ತಿದ್ದೇನೆ. ಸಿಕ್ಕಿರುವ ಉತ್ತರ ಒಂದಕ್ಕೊಂದು ಹೊಂದುತ್ತಿಲ್ಲವಾದ್ದರಿಂದ ತಿಳಿದವರ ಅಭಿಪ್ರಾಯ ಕೇಳುತ್ತಿದ್ದೇನೆ.

ತುಮಕೂರಿನಲ್ಲಿ 2019ರಲ್ಲಿ ಬಿಜೆಪಿಯ ಜಿ.ಎಸ್. ಬಸವರಾಜು ಅವರಿಗೆ 5,96,127 ಮತಗಳೂ, ಕಾಂಗ್ರೆಸ್ ಬೆಂಬಲದೊಂದಿಗೆ ಜೆಡಿಎಸ್‌ನಿಂದ ನಿಂತಿದ್ದ ಎಚ್.ಡಿ. ದೇವೇಗೌಡರಿಗೆ 5,82,788 ಮತಗಳೂ ಬಂದಿದ್ದವು, ಅಂತರ 13,339. 2024ರಲ್ಲಿ ಬಿಜೆಪಿಯ ವಿ. ಸೋಮಣ್ಣ 7,20,946 ಮತ ಪಡೆದು, ಕಾಂಗ್ರೆಸ್ಸಿನ ಎಸ್.ಪಿ. ಮುದ್ದಹನುಮೇಗೌಡರನ್ನು (5,45,352) 1,75,594 ಮತಗಳಿಂದ ಸೋಲಿಸಿದರು. ಕೋಲಾರದಲ್ಲಿ 2019ರಲ್ಲಿ ಬಿಜೆಪಿಯ ಎಸ್. ಮುನಿಸ್ವಾಮಿ (7,09,165) ಅವರು ಕಾಂಗ್ರೆಸ್ಸಿನ ಕೆ.ಎಚ್. ಮುನಿಯಪ್ಪನವರನ್ನು (4,99,144) 2,10,021 ಮತಗಳಿಂದ ಸೋಲಿಸಿದ್ದರೆ, 2024ರಲ್ಲಿ ಬಿಜೆಪಿ ಬೆಂಬಲಿತ ಜೆಡಿಎಸ್ ಅಭ್ಯರ್ಥಿ ಎಂ. ಮಲ್ಲೇಶ್ ಬಾಬು (6,91,481) ಅವರು ಕಾಂಗ್ರೆಸ್ಸಿನ ಕೆ.ವಿ. ಗೌತಮ್ (6,20,093) ಅವರ ಎದುರು ಗೆದ್ದದ್ದು 71,388 ಮತಗಳಿಂದ. ಚಿಕ್ಕಬಳ್ಳಾಪುರದಲ್ಲಿ 2019ರಲ್ಲಿ ಬಿಜೆಪಿಯ ಬಿ.ಎನ್. ಬಚ್ಚೇಗೌಡರ ಅಂತರ 1,82,110 ಇದ್ದದ್ದು 2024ರಲ್ಲಿ ಅದೇ ಪಕ್ಷದ ಡಾ. ಕೆ. ಸುಧಾಕರ್ ಅವರಿಗೆ 1,63,460 ಆಯಿತು.

ಮೊದಲ ಇಬ್ಬರು ಅಭ್ಯರ್ಥಿಗಳ ಮತಗಳನ್ನು ಮಾತ್ರ ಕೂಡಿಸಿ, ಅದರಲ್ಲಿ ಎನ್‌ಡಿಎ ಪಾಲು ಎಷ್ಟೆಂದು ನೋಡಿದೆ. ತುಮಕೂರಿನಲ್ಲಿ ಅದು ಶೇ. 50.6ರಿಂದ ಶೇ. 56.9ಕ್ಕೆ ಏರಿದೆ. ಕೋಲಾರದಲ್ಲಿ ಶೇ. 58.7ರಿಂದ ಶೇ. 52.7ಕ್ಕೆ ಇಳಿದಿದೆ. ಚಿಕ್ಕಬಳ್ಳಾಪುರದಲ್ಲಿ ಶೇ. 57.0ರಿಂದ ಶೇ. 55.5ಕ್ಕೆ, ಅಂದರೆ ಅಲ್ಪ ಇಳಿಕೆ. 2024ರಲ್ಲಿ ಮೂರೂ ಕಡೆ ಮತದಾನ ನಡೆದದ್ದು ಒಂದೇ ದಿನ, ಏಪ್ರಿಲ್ 26ರಂದು. ಬಿಜೆಪಿ-ಜೆಡಿಎಸ್ ಮೈತ್ರಿ ಮೂರೂ ಕಡೆ ಇತ್ತು. ಹಾಗಿದ್ದರೂ ತುಮಕೂರಿನಲ್ಲಿ ಎನ್‌ಡಿಎ ಕಡೆಗೆ ಆರು ಅಂಶ, ಕೋಲಾರದಲ್ಲಿ ಕಾಂಗ್ರೆಸ್ ಕಡೆಗೆ ಆರು ಅಂಶ ಸ್ವಿಂಗ್ (ಎರಡು ಚುನಾವಣೆಗಳ ನಡುವೆ ಮತಪಾಲಿನ ವಾಲಿಕೆ) ಆಗಲು ಕಾರಣವೇನು? ಇದು ಮತದಾರರ ಮನಸ್ಸಿನ ವ್ಯತ್ಯಾಸವೇ, ಅಥವಾ ನನ್ನ ಲೆಕ್ಕದ ವಿಧಾನವೇ ಇಲ್ಲಿಗೆ ಒಗ್ಗುವುದಿಲ್ಲವೇ?

ಉತ್ತರ: ಅಂತರಗಂಗೆ, ಕೋಲಾರ

ನಿಮ್ಮ ಗುಣಾಕಾರ, ಭಾಗಾಕಾರ ಸರಿಯಾಗಿದೆ. ಆದರೆ ನೀವು ಆರಿಸಿಕೊಂಡ ಆಧಾರವರ್ಷ ಈ ಮೂರು ಕ್ಷೇತ್ರಗಳಿಗೆ ಸಮಾನವಾದ ನೆಲೆಯನ್ನು ಕೊಡುವುದಿಲ್ಲ.

ಸ್ವಿಂಗ್ ಎಂಬ ಅಳತೆ ಹುಟ್ಟಿದ್ದು ಬ್ರಿಟನ್ನಿನ ಚುನಾವಣೆಗಳ ಅಧ್ಯಯನದಲ್ಲಿ. ಅದನ್ನು ಜನಪ್ರಿಯಗೊಳಿಸಿದವರು ಡೇವಿಡ್ ಬಟ್ಲರ್. ಎರಡು ಚುನಾವಣೆಗಳಲ್ಲೂ ಅದೇ ಎರಡು ಪಕ್ಷಗಳು ಎದುರುಬದುರು ನಿಂತಿರುತ್ತವೆ ಎಂಬುದು ಅದರ ಅಡಿಪಾಯ. ತುಮಕೂರಿನಲ್ಲಿ 2019ರಲ್ಲಿ ಕಾಂಗ್ರೆಸ್ ಕಣದಲ್ಲೇ ಇರಲಿಲ್ಲ. ಹಾಲಿ ಸಂಸದರಾಗಿದ್ದ ಮುದ್ದಹನುಮೇಗೌಡರಿಗೆ ಟಿಕೆಟ್ ತಪ್ಪಿ, ಕ್ಷೇತ್ರ ಜೆಡಿಎಸ್ ಪಾಲಾಗಿತ್ತು. ಆದ್ದರಿಂದ 2019ರಿಂದ 2024ಕ್ಕೆ ತುಮಕೂರಿನಲ್ಲಿ ಕಾಂಗ್ರೆಸ್ಸಿನ ಮತ ಏರಿತೋ ಇಳಿಯಿತೋ ಎಂದು ಹೇಳಲು ಹಿಂದಿನ ಅಂಕಿಯೇ ಇಲ್ಲ. ನೀವು ಅಳೆದದ್ದು ದೇವೇಗೌಡರ ಮತಕ್ಕೂ ಮುದ್ದಹನುಮೇಗೌಡರ ಮತಕ್ಕೂ ಇರುವ ಅಂತರವನ್ನು. ಮೊದಲನೆಯವರ ಪಕ್ಷ ಐದು ವರ್ಷಗಳ ನಂತರ ಎದುರಿನ ಮೈತ್ರಿಯಲ್ಲಿತ್ತು. ಕೋಲಾರದಲ್ಲಿ ಇದು ತಿರುವುಮುರುವು: ಎರಡೂ ಸಲ ಕಾಂಗ್ರೆಸ್ ಸ್ಪರ್ಧಿಸಿತು, ಎದುರಾಳಿ ಪಕ್ಷ ಬದಲಾಯಿತು. ಎರಡೂ ಸಲ ಕಾಂಗ್ರೆಸ್ಸೂ ಬಿಜೆಪಿಯೂ ನೇರವಾಗಿ ಎದುರಾದದ್ದು ಚಿಕ್ಕಬಳ್ಳಾಪುರದಲ್ಲಿ ಮಾತ್ರ.

ಮೂರೂ ಪಕ್ಷಗಳು ಮೂರೂ ಕ್ಷೇತ್ರಗಳಲ್ಲಿ ಬೇರೆಬೇರೆಯಾಗಿ ನಿಂತ ಹತ್ತಿರದ ಲೋಕಸಭಾ ಚುನಾವಣೆ 2014ರದು. ಅದನ್ನು ಆಧಾರವಾಗಿಟ್ಟುಕೊಂಡರೆ ಚಿತ್ರ ಹೇಗೆ ಬದಲಾಗುತ್ತದೆ ನೋಡಿ. ತುಮಕೂರಿನಲ್ಲಿ ಆಗ ಕಾಂಗ್ರೆಸ್ 4,29,868, ಬಿಜೆಪಿ 3,55,827, ಜೆಡಿಎಸ್ 2,58,683. ಕೋಲಾರದಲ್ಲಿ ಕಾಂಗ್ರೆಸ್ 4,18,926, ಜೆಡಿಎಸ್ 3,71,076, ಬಿಜೆಪಿ 2,67,322. ಚಿಕ್ಕಬಳ್ಳಾಪುರದಲ್ಲಿ ಕಾಂಗ್ರೆಸ್ಸಿನ ಎಂ. ವೀರಪ್ಪ ಮೊಯಿಲಿ 4,24,800, ಬಿಜೆಪಿಯ ಬಚ್ಚೇಗೌಡರು 4,15,280, ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ 3,46,339. ಇಲ್ಲಿ ಬಿಜೆಪಿ ಮತ್ತು ಜೆಡಿಎಸ್ ಮತಗಳನ್ನು ಕೂಡಿಸಿ, ನೀವು ಮಾಡಿದಂತೆಯೇ ಪಾಲು ತೆಗೆದರೆ ತುಮಕೂರಿನಲ್ಲಿ ಶೇ. 58.8, ಕೋಲಾರದಲ್ಲಿ ಶೇ. 60.4, ಚಿಕ್ಕಬಳ್ಳಾಪುರದಲ್ಲಿ ಶೇ. 64.2 ಬರುತ್ತದೆ. 2024ರ ಅಂಕಿಗಳೊಂದಿಗೆ ಹೋಲಿಸಿದಾಗ ಮೂರೂ ಕಡೆ ಸ್ವಿಂಗ್ ಕಾಂಗ್ರೆಸ್ ಕಡೆಗೇ ಇದೆ: ತುಮಕೂರಿನಲ್ಲಿ ಸುಮಾರು 2, ಕೋಲಾರದಲ್ಲಿ 7.7, ಚಿಕ್ಕಬಳ್ಳಾಪುರದಲ್ಲಿ 8.7 ಅಂಶ. ತುಮಕೂರಿನ ಆರು ಅಂಶಗಳ ಏರಿಕೆ ಅಳಿಸಿಹೋಗಿ, ದಿಕ್ಕೇ ತಿರುಗಿತು.

ರಾಜ್ಯದ ಒಟ್ಟು ಚಿತ್ರವೂ ಇದಕ್ಕೆ ಹೊಂದುತ್ತದೆ. 2014ರಲ್ಲಿಯೂ 2024ರಲ್ಲಿಯೂ ಸ್ಥಾನಗಳು ಒಂದೇ ರೀತಿ ಹಂಚಿಕೆಯಾದವು: ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಆದರೆ ಕಾಂಗ್ರೆಸ್ಸಿನ ಮತಪ್ರಮಾಣ ಶೇ. 41ರ ಆಸುಪಾಸಿನಿಂದ ಶೇ. 45ರ ಮೇಲಕ್ಕೆ ಹೋಯಿತು, ಜೆಡಿಎಸ್‌ನದು ಶೇ. 11ರಿಂದ ಶೇ. 6ರೊಳಗೆ ಇಳಿಯಿತು. ಸ್ಥಾನಗಳನ್ನು ಮಾತ್ರ ಎಣಿಸುವವರಿಗೆ ಈ ಹತ್ತು ವರ್ಷಗಳಲ್ಲಿ ಏನೂ ಆಗಿಲ್ಲವೆಂದೇ ಕಾಣುತ್ತದೆ. ಕ್ಷೇತ್ರವಾರು ಮತಗಳನ್ನು ಓದಬೇಕೆಂದು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತಿದ್ದದ್ದು ಈ ಕಾರಣಕ್ಕೇ.

ಉತ್ತರ: ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಕೋಲಾರದ ಮೇಷ್ಟ್ರ ವಿವರಣೆಯನ್ನು ಗೌರವದಿಂದ ಓದಿದೆ. 2019 ಸಮನಾದ ಆಧಾರವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ 2014ರ ಎರಡು ಪಕ್ಷಗಳ ಮತಗಳನ್ನು ಕೂಡಿಸಿ ಅದನ್ನು ‘ಎನ್‌ಡಿಎ ಮತ’ ಎಂದು ಕರೆಯುವುದು ಅಷ್ಟೇ ಅಪಾಯಕಾರಿ ಎಂದು ನನ್ನ ಅನಿಸಿಕೆ. ಪಕ್ಷಗಳು ಕೈಜೋಡಿಸಿದ ಮಾತ್ರಕ್ಕೆ ಮತದಾರರು ಕೈಜೋಡಿಸುವುದಿಲ್ಲ. ಅದಕ್ಕೆ 2019ಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಆ ವರ್ಷ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಇತ್ತು. 2014ರ ಕೂಡುವಿಕೆಯ ಪ್ರಕಾರ ಮೈತ್ರಿಗೆ ತುಮಕೂರಿನಲ್ಲಿ 6,88,551, ಕೋಲಾರದಲ್ಲಿ 7,90,002, ಚಿಕ್ಕಬಳ್ಳಾಪುರದಲ್ಲಿ 7,71,139 ಮತ ಬರಬೇಕಿತ್ತು. ವಾಸ್ತವದಲ್ಲಿ ಬಂದದ್ದು ತುಮಕೂರಿನಲ್ಲಿ ಅದಕ್ಕಿಂತ 1,05,763 ಕಡಿಮೆ. ಚಿಕ್ಕಬಳ್ಳಾಪುರದಲ್ಲಿ 2,07,337 ಕಡಿಮೆ. ಕೋಲಾರದಲ್ಲಿ 2,90,858 ಕಡಿಮೆ. ಒಟ್ಟು ಮತದಾರರ ಸಂಖ್ಯೆ ಹೆಚ್ಚಿದ್ದರೂ ಇಷ್ಟು ಕೊರತೆ. 1991ರಿಂದ ಸತತ ಏಳು ಬಾರಿ ಗೆದ್ದಿದ್ದ ಮುನಿಯಪ್ಪನವರ ವಿರುದ್ಧ ಸ್ವಪಕ್ಷದ ನಾಯಕರೇ ಅಸಮಾಧಾನ ತೋರಿದ್ದು ಕೋಲಾರದಲ್ಲಿ ಎಲ್ಲರೂ ಬಲ್ಲ ವಿಷಯ. ಹೀಗಾಗಿ 2019ರಲ್ಲಿ ಅಲ್ಲಿ ಎನ್‌ಡಿಎಗೆ ಬಂದ ಶೇ. 58.7ರಲ್ಲಿ ಬಿಜೆಪಿಯ ಸ್ವಂತ ಮತದ ಜೊತೆಗೆ ಕಾಂಗ್ರೆಸ್ಸಿನ ಒಳಮುನಿಸೂ, ಆ ವರ್ಷದ ಮೋದಿ ಅಲೆಯೂ ಸೇರಿತ್ತು. 2024ರಲ್ಲಿ ಕಾಂಗ್ರೆಸ್ಸಿಗೆ 1,20,949 ಮತ ಹೆಚ್ಚು ಬಂದದ್ದರಲ್ಲಿ ಹೀಗೆ ಮುನಿಸಿಕೊಂಡು ಹೋಗಿದ್ದ ಮತದ ಮರಳುವಿಕೆ ಗಣನೀಯವಾಗಿರಬೇಕು ಎಂದು ನಾನು ಭಾವಿಸುತ್ತೇನೆ. ಟಿಕೆಟ್‌ಗಾಗಿ ಆಗಲೂ ಬಣಗಳ ಜಗಳ ನಡೆದಿತ್ತು; ಎರಡೂ ಬಣಗಳಿಂದ ದೂರವಿದ್ದ ಅಭ್ಯರ್ಥಿಯನ್ನು ಪಕ್ಷ ಆರಿಸಿತು.

ತುಮಕೂರಿನ ಏರಿಕೆಗೂ ಇದೇ ಬಗೆಯ ಕಾರಣ ಹುಡುಕಬೇಕು. 2019ರಲ್ಲಿ ಹೇಮಾವತಿ ನೀರಿನ ವಿಷಯವನ್ನು ದೇವೇಗೌಡರ ವಿರುದ್ಧ ಬಿಜೆಪಿ ಪ್ರಬಲವಾಗಿ ಬಳಸಿತು. ಆದರೂ ಅಲ್ಲಿ ಮೈತ್ರಿಯ ಮತ ಉಳಿದೆರಡು ಕ್ಷೇತ್ರಗಳಷ್ಟು ಸೋರಲಿಲ್ಲ. 2024ರಲ್ಲಿ ಆ ಮತದಲ್ಲಿದ್ದ ಜೆಡಿಎಸ್ ಭಾಗ ಎನ್‌ಡಿಎ ಕಡೆಗೆ ಬಂದಾಗ ಅಂತರ ಒಮ್ಮೆಲೇ ಹಿಗ್ಗಿತು.

ಇನ್ನೊಂದು ಮಾತು. ನಮ್ಮ ಚಿಕ್ಕಬಳ್ಳಾಪುರದಲ್ಲಿ 2019ರಿಂದ 2024ಕ್ಕೆ ಬಿಜೆಪಿಯ ಮತ 76,707 ಹೆಚ್ಚಿತು, ಕಾಂಗ್ರೆಸ್ಸಿನದು 95,357 ಹೆಚ್ಚಿತು. ಸ್ವಿಂಗ್ ಕಾಂಗ್ರೆಸ್ ಕಡೆಗಿದ್ದರೂ ಬಿಜೆಪಿ ಮತ ‘ಕಳೆದುಕೊಂಡಿತು’ ಎಂದು ಬರೆಯಬಾರದು. ಎರಡೂ ಕಡೆ ಮತ ಬೆಳೆದು, ಒಂದು ಕಡೆ ತುಸು ಹೆಚ್ಚು ಬೆಳೆದಿದೆ. ಪಾಲಿನ ಜೊತೆಗೆ ನೈಜ ಮತಸಂಖ್ಯೆಯ ಕಾಲಂ ಇಲ್ಲದಿದ್ದರೆ ಓದುವವರು ದಾರಿ ತಪ್ಪುತ್ತಾರೆ.

ಪ್ರಶ್ನೆ ಕೇಳಿದವರು: ಶಿರಾ ಗೇಟ್, ತುಮಕೂರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ 2023ರ ವಿಧಾನಸಭಾ ಫಲಿತಾಂಶವನ್ನು ಆಧಾರವಾಗಿ ತೆಗೆದುಕೊಳ್ಳಬಹುದೇ? ಆಗ ಮೂರೂ ಪಕ್ಷಗಳು ಪ್ರತ್ಯೇಕವಾಗಿ ನಿಂತಿದ್ದವು, ಕಾಲದಲ್ಲಿಯೂ ಹತ್ತಿರವಿದೆ. ತುಮಕೂರು ಜಿಲ್ಲೆಯ ಹನ್ನೊಂದು ವಿಧಾನಸಭಾ ಕ್ಷೇತ್ರಗಳ ಅಂಕಿಗಳನ್ನು ನಾನು ಈಗಾಗಲೇ ಸಂಗ್ರಹಿಸಿದ್ದೇನೆ.

ಉತ್ತರ: ಕುಣಿಗಲ್ ಕೆರೆ ಏರಿ

ತಂಗಿ, ಹನ್ನೊಂದನ್ನೂ ಕೂಡಿಸಬೇಡಿ. ಜಿಲ್ಲೆಯೇ ಬೇರೆ, ಲೋಕಸಭಾ ಕ್ಷೇತ್ರವೇ ಬೇರೆ. ನಮ್ಮ ಕುಣಿಗಲ್ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿದೆ. ನಾವು ಮತ ಹಾಕಿದ್ದು ಡಾ. ಸಿ.ಎನ್. ಮಂಜುನಾಥ್ ಮತ್ತು ಡಿ.ಕೆ. ಸುರೇಶ್ ಅವರ ನಡುವಿನ ಸ್ಪರ್ಧೆಯಲ್ಲಿ. ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ ಸೇರಿವೆ. ತುಮಕೂರು ಲೋಕಸಭೆಗೆ ಉಳಿಯುವುದು ಎಂಟು: ತುಮಕೂರು ನಗರ, ತುಮಕೂರು ಗ್ರಾಮಾಂತರ, ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕೊರಟಗೆರೆ, ಮಧುಗಿರಿ.

ಚಿಕ್ಕಬಳ್ಳಾಪುರದ ಸ್ಥಿತಿ ಇನ್ನೂ ತೊಡಕಿನದು. ಆ ಜಿಲ್ಲೆಯ ಶಿಡ್ಲಘಟ್ಟ ಮತ್ತು ಚಿಂತಾಮಣಿ ಕೋಲಾರ ಲೋಕಸಭೆಯಲ್ಲಿವೆ; ಚಿಕ್ಕಬಳ್ಳಾಪುರ ಲೋಕಸಭೆಯಲ್ಲಿ ಆ ಜಿಲ್ಲೆಯ ಪಾಲು ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಮಾತ್ರ. ಉಳಿದ ಐದರಲ್ಲಿ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಬೆಂಗಳೂರು ಗ್ರಾಮಾಂತರ ಜಿಲ್ಲೆಯವು, ಯಲಹಂಕ ಬೆಂಗಳೂರು ನಗರದ ಅಂಗ. ‘ಚಿಕ್ಕಬಳ್ಳಾಪುರದ ರೈತರು ಹೀಗೆ ತೀರ್ಪು ಕೊಟ್ಟರು’ ಎಂದು ಬರೆಯುವವರು ಯಲಹಂಕದ ಬಡಾವಣೆಗಳ ಮತದಾರರನ್ನು ಮರೆತೇ ಬಿಡುತ್ತಾರೆ. ಇದು ನನಗೆ ಬಹಳ ನೋವು ತರುವ ಸಂಗತಿ, ಏಕೆಂದರೆ ಎತ್ತಿನಹೊಳೆಯ ನೀರಿಗಾಗಿ ಕಾಯುತ್ತಿರುವ ಬಾಗೇಪಲ್ಲಿಯವರ ಮಾತು ಆ ಒಟ್ಟು ಅಂಕಿಯಲ್ಲಿ ಕೇಳಿಸುವುದೇ ಇಲ್ಲ.

ಉತ್ತರ: ಅಂತರಗಂಗೆ, ಕೋಲಾರ

ನಂದಿ ತಪ್ಪಲಿನವರ ಆಕ್ಷೇಪ ನ್ಯಾಯವಾದದ್ದು. 2014ರ ಮೊತ್ತವನ್ನು ಮತದಾರರ ಒಮ್ಮತ ಎಂದು ಓದಬಾರದು, ಹೋಲಿಕೆಗೆ ಎಳೆದ ಒಂದು ಗೆರೆಯಷ್ಟೇ ಎಂದು ಓದಬೇಕು. ಮತ ಹಂಚಿಹೋಗುವುದರ ಪರಿಣಾಮವನ್ನು ಅಳೆಯಲು ನಮ್ಮ ದೇಶದ ಚುನಾವಣಾ ಅಧ್ಯಯನದಲ್ಲಿ ವಿರೋಧ ಪಕ್ಷಗಳ ಒಗ್ಗಟ್ಟಿನ ಸೂಚ್ಯಂಕ ಎಂಬುದೊಂದಿದೆ. ವಿರೋಧ ಮತಗಳ ಒಟ್ಟು ಮೊತ್ತದಲ್ಲಿ ಅತಿ ದೊಡ್ಡ ವಿರೋಧ ಪಕ್ಷದ ಪಾಲೇ ಆ ಸೂಚ್ಯಂಕ. ಸಣ್ಣ ಪಕ್ಷಗಳನ್ನು ಬಿಟ್ಟು ನೋಡಿದರೆ 2014ರ ಚಿಕ್ಕಬಳ್ಳಾಪುರದಲ್ಲಿ ಅದು ಕೇವಲ 54.5, ಮೊಯಿಲಿಯವರು 9,520 ಮತಗಳಿಂದ ದಾಟಿಕೊಂಡದ್ದು ಆ ಬಿರುಕಿನ ಮೂಲಕವೇ.

2023ರ ಬಗ್ಗೆ: ಬಳಸಬಹುದು, ಆದರೆ ವಿಧಾನಸಭೆಯಲ್ಲಿ ಅಭ್ಯರ್ಥಿಯ ತೂಕ ಹೆಚ್ಚು. ತುಮಕೂರು ಲೋಕಸಭೆಯ ಎಂಟರಲ್ಲಿ ಆಗ ಕಾಂಗ್ರೆಸ್ ನಾಲ್ಕು, ಬಿಜೆಪಿ ಎರಡು, ಜೆಡಿಎಸ್ ಎರಡು ಗೆದ್ದಿದ್ದವು. ಕೋಲಾರದ ಎಂಟರಲ್ಲಿ ಕಾಂಗ್ರೆಸ್ ಐದು, ಜೆಡಿಎಸ್ ಮೂರು, ಬಿಜೆಪಿ ಸೊನ್ನೆ. ಹಾಲಿ ಸಂಸದರಿದ್ದರೂ ಬಿಜೆಪಿ ಆ ಕ್ಷೇತ್ರವನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟದ್ದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು. ಗೌರಿಬಿದನೂರಿನಲ್ಲಿ ಪಕ್ಷೇತರರು ಗೆದ್ದಿದ್ದರು. ಆ ಮತವನ್ನು ಯಾವ ಪಕ್ಷದ ಲೆಕ್ಕಕ್ಕೆ ಹಾಕುವಿರಿ? 2023ರಲ್ಲಿ ಚಿಕ್ಕಬಳ್ಳಾಪುರ ವಿಧಾನಸಭೆಯಲ್ಲಿ ಸೋತ ಸುಧಾಕರ್ ಒಂದೇ ವರ್ಷದಲ್ಲಿ ಲೋಕಸಭೆಗೆ ದೊಡ್ಡ ಅಂತರದಿಂದ ಹೋದರು. ಮತದಾರರು ಎರಡು ಚುನಾವಣೆಗಳಲ್ಲಿ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ ಎಂಬುದನ್ನು ನಮ್ಮ ಸೀಮೆಯಲ್ಲಿ ಗಂಭೀರವಾಗಿ ಪರಿಗಣಿಸಲೇಬೇಕು.

ನೀವು ಮುಂದೆ ಮಾಡಬೇಕಾದದ್ದು ಫಾರಂ 20ನ್ನು (ಅಂತಿಮ ಫಲಿತಾಂಶದ ಪಟ್ಟಿ) ಓದುವುದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಪ್ರತಿ ವಿಧಾನಸಭಾ ವಿಭಾಗಕ್ಕೂ ಮತಗಟ್ಟೆವಾರು ಪಟ್ಟಿ ಸಿಗುತ್ತದೆ. ಅಂಚೆ ಮತಗಳನ್ನು ಪ್ರತ್ಯೇಕವಾಗಿ ಎಣಿಸುವುದರಿಂದ ಎಂಟು ವಿಭಾಗಗಳ ಮೊತ್ತ ಅಂತಿಮ ಮತಸಂಖ್ಯೆಗೆ ಸರಿಹೊಂದುವುದಿಲ್ಲ, ಗಾಬರಿಯಾಗಬೇಡಿ. ಮತದಾರರು ಹೆಚ್ಚಾದಂತೆ ಮತಗಟ್ಟೆಗಳನ್ನು ಒಡೆದು ಸಂಖ್ಯೆ ಬದಲಿಸಿರುತ್ತಾರಾದ್ದರಿಂದ 2019ರ 100ನೇ ಮತಗಟ್ಟೆಯನ್ನು 2024ರ 100ನೇ ಮತಗಟ್ಟೆಗೆ ನೇರವಾಗಿ ಹೋಲಿಸದೆ, ಊರಿನ ಹೆಸರು ಹಿಡಿದು ಹೋಲಿಸಿ.

ಎಂಟನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳುವ ಬದಲು ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಿಂದ ಆರಂಭಿಸಿ. ಗುಬ್ಬಿಯಲ್ಲಿ ಜೆಡಿಎಸ್ ಶಾಸಕರಾಗಿದ್ದ ಎಸ್.ಆರ್. ಶ್ರೀನಿವಾಸ್ 2023ರ ಹೊತ್ತಿಗೆ ಕಾಂಗ್ರೆಸ್ ಸೇರಿ ಗೆದ್ದರು. ಉಳಿದೆರಡರಲ್ಲಿ ಆ ವರ್ಷ ಬಿಜೆಪಿಯ ಹಾಲಿ ಶಾಸಕರನ್ನು ಸೋಲಿಸಿದ ಜೆಡಿಎಸ್, ಮರುವರ್ಷ ಅದೇ ಬಿಜೆಪಿಗೆ ಮತ ಕೇಳಿತು. ಜೆಡಿಎಸ್ ಮತ ನಿಜವಾಗಿಯೂ ಪಕ್ಷದ ಹಿಂದೆ ಹೋಗಿದ್ದರೆ 2019ರಿಂದ 2024ಕ್ಕೆ ಎನ್‌ಡಿಎ ಪಾಲು ಈ ಎರಡರಲ್ಲಿ ಗುಬ್ಬಿಗಿಂತ ಹೆಚ್ಚು ಏರಿರಬೇಕು. ಶಾಸಕರ ಹಿಂದೆ ಹೋಗಿದ್ದರೆ ಗುಬ್ಬಿಯಲ್ಲಿ ಕಾಂಗ್ರೆಸ್ ತನ್ನ ಪಾಲನ್ನು ಹೆಚ್ಚು ಉಳಿಸಿಕೊಂಡಿರಬೇಕು. ಲೆಕ್ಕ ಮುಗಿದ ಮೇಲೆ ಆ ಮೂರು ವಿಭಾಗಗಳ ಕೋಷ್ಟಕವನ್ನು ಇಲ್ಲಿಯೇ ಹಾಕಿ. ನಂದಿ ತಪ್ಪಲಿನವರೂ ನಾನೂ ಕೂತು ನೋಡುತ್ತೇವೆ.