ಆರೂವರೆ ಲಕ್ಷ ಹೋಯ್ತು, ಅಪ್ಪಾಜಿ ಉಳಿದ್ರು, ಆದ್ರೂ ನಿದ್ದೆ ಬರ್ತಿಲ್ಲ

ಪಿಜೆ ಬಡಾವಣೆ ಜೆರಾಕ್ಸ್

ಎಲ್ರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಸಣ್ಣ ಜೆರಾಕ್ಸ್-ಸ್ಟೇಷನರಿ ಅಂಗಡಿ ನಂದು, ವಯಸ್ಸು 41. ಮೇಲೆ ಒಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಡೋಣ ಅಂತ ಕೂಡಿಟ್ಟಿದ್ದ ದುಡ್ಡನ್ನ ಷೇರು ಮಾರ್ಕೆಟ್ಟಿನ ಆಪ್ಷನ್ ಟ್ರೇಡಿಂಗಲ್ಲಿ (ರೇಟು ಏರುತ್ತಾ ಇಳಿಯುತ್ತಾ ಅಂತ ಪಂದ್ಯ ಕಟ್ಟೋ ಥರದ್ದು) ಕಳ್ಕೊಂಡಿದೀನಿ. 2024ರ ಲೋಕಸಭೆ ಎಲೆಕ್ಷನ್ ರಿಸಲ್ಟ್ ಟೈಮು, ಎಕ್ಸಿಟ್ ಪೋಲ್ ನೋಡಿ ಜೂನ್ 3ಕ್ಕೆ ಷೇರು ಸೂಚ್ಯಂಕ ನಿಫ್ಟಿ 23,263ಕ್ಕೆ ಹೋಗಿ ನಿಂತಿತ್ತು, ನಾನು ಇನ್ನೂ ಏರುತ್ತೆ ಅಂತ ಕಾಲ್ ಆಪ್ಷನ್ (ಏರಿದ್ರೆ ಲಾಭ ಕೊಡೋದು) ತಗೊಂಡೆ, ಮಾರನೇ ದಿನ 21,884ಕ್ಕೆ ಬಂದು ಬಿತ್ತು, ಒಂದೇ ದಿನ ಹತ್ರ ಹತ್ರ 6 ಪರ್ಸೆಂಟ್. ನಾಲ್ಕು ಲಕ್ಷ ಹೋಯ್ತು. ಅಲ್ಲಿಗೆ ಬಿಟ್ಟಿದ್ರೆ ಆಗ್ತಿತ್ತು, ಹೋಗಿದ್ದು ವಾಪಸ್ ತಗೋತೀನಿ ಅಂತ ಹಠಕ್ಕೆ ಬಿದ್ದು ವಾರವಾರ ಎಕ್ಸ್‌ಪೈರಿಗೆ, ಅಂದ್ರೆ ಆಪ್ಷನ್ ಗಡುವು ಮುಗಿಯೋ ದಿನಕ್ಕೆ, ಹಾಕಿ ಹಾಕಿ ಇನ್ನೂ ಎರಡೂವರೆ ಕಳೆದೆ.

ದೀಪಾವಳಿ ಹೊತ್ತಿಗೆ ಅಪ್ಪಾಜಿಗೆ ಎದೆ ನೋವು ಬಂದು ಸ್ಟೆಂಟ್ ಹಾಕಿದ್ರು. ದೇವರ ದಯೆ, ಉಳ್ಕೊಂಡ್ರು, ಈಗ ಬೆಳಗ್ಗೆ ಕುಂದವಾಡ ಕೆರೆ ಹತ್ರ ನಿಧಾನಕ್ಕೆ ವಾಕಿಂಗ್ ಹೋಗ್ತಾರೆ. ನಾನು ಖುಷಿಯಾಗಿರ್ಬೇಕು ಅಲ್ವಾ? ಆದ್ರೆ ನಿಜ ಹೇಳ್ತೀನಿ, ಐಸಿಯು ಹೊರಗೆ ಬೆಂಚ್ ಮೇಲೆ ಕೂತಾಗ್ಲೂ ನಾನು ಆ್ಯಪ್ ಓಪನ್ ಮಾಡಿ ಚಾರ್ಟ್ ನೋಡ್ತಿದ್ದೆ. ಒಳಗೆ ಅಪ್ಪ, ಹೊರಗೆ ನಾನು ಬ್ಯಾಂಕ್ ನಿಫ್ಟಿ. ಅದು ನೆನಪಾದ್ರೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಉರಿಯುತ್ತೆ. ಅಪ್ಪಾಜಿ ಎರಡು ದಿನಕ್ಕೊಂದ್ಸಲ ಕೇಳ್ತಾರೆ, 'ಮ್ಯಾಲಿನ ಮನಿ ಕೆಲಸ ಯಾವಾಗ ಶುರು ಮಾಡ್ತಿಯಪ್ಪಾ' ಅಂತ. ಹೆಂಡ್ತಿಗೂ ಗೊತ್ತಿಲ್ಲ. ಇದನ್ನ ತಲೆಯಿಂದ ಹೆಂಗೆ ತೆಗೆದುಹಾಕೋದು?

ಬೆಣ್ಣೆದೋಸೆ ಪ್ರಿಯ

ಬ್ರೋ ದುಡ್ಡು ಇವತ್ತು ಹೋಗುತ್ತೆ ನಾಳೆ ಬರುತ್ತೆ. ಆರೋಗ್ಯವೇ ಭಾಗ್ಯ. ಅಪ್ಪ ಚೆನ್ನಾಗಿದಾರಲ್ಲ, ಬಿಟ್ಹಾಕಿ, ಚಿಲ್ ಮಾಡಿ 🙏

ಲೆಕ್ಕದ ಮನುಷ್ಯ

ಮೇಲಿನವ್ರು ಒಳ್ಳೆ ಮನಸ್ಸಿಂದಲೇ ಹೇಳಿರ್ತಾರೆ, ಆದ್ರೆ ದುಡ್ಡು ಮುಖ್ಯ ಅಲ್ಲ ಅನ್ನೋರನ್ನ ಒಂದ್ಸಲ ಆಸ್ಪತ್ರೆ ಬಿಲ್ಲಿಂಗ್ ಕೌಂಟರ್ ಮುಂದೆ ನಿಲ್ಸಬೇಕು. ಅಪ್ಪಾಜಿ ಉಳ್ಕೊಂಡಿದ್ದಕ್ಕೂ ಯಾರೋ ದುಡ್ಡು ಕಟ್ಟಿದಾರೆ ಸ್ವಾಮಿ.

ನಾನು ಇಲ್ಲೇ ಟ್ಯಾಕ್ಸ್ ಪ್ರಾಕ್ಟೀಸ್ ಮಾಡ್ತೀನಿ. ನಿಮ್ಮಂಥವ್ರು ಪ್ರತಿ ವರ್ಷ ಬರ್ತಾರೆ, ಅರ್ಧ ಜನ ನಾಚಿಕೆಗೆ ರಿಟರ್ನ್‌ನಲ್ಲಿ ಲಾಸ್ ತೋರ್ಸೋದೇ ಇಲ್ಲ, ಅದು ದೊಡ್ಡ ತಪ್ಪು. ಎಫ್‌ಅಂಡ್‌ಓ (ಫ್ಯೂಚರ್ಸ್, ಆಪ್ಷನ್ಸ್) ನಷ್ಟ ಅಂದ್ರೆ ಬಿಸಿನೆಸ್ ನಷ್ಟ. ಗಡುವಿನೊಳಗೆ ಐಟಿಆರ್-3 ರಿಟರ್ನ್ ಫಾರ್ಮ್ ಹಾಕಿದ್ರೆ ಅದೇ ವರ್ಷ ಅಂಗಡಿ ಲಾಭದ ಎದುರು ಕಳೀಬಹುದು, ಸಂಬಳದ ಎದುರು ಮಾತ್ರ ಆಗಲ್ಲ. ಉಳಿದಿದ್ದನ್ನ 8 ವರ್ಷ ಮುಂದಕ್ಕೆ ಒಯ್ದು ಬಿಸಿನೆಸ್ ಲಾಭದಲ್ಲಿ ಕಳ್ಕೋಬಹುದು. ಆರೂವರೆ ವಾಪಸ್ ಬರಲ್ಲ, ಆದ್ರೆ ಟ್ಯಾಕ್ಸಲ್ಲಿ ಸ್ವಲ್ಪ ಉಳಿಯುತ್ತೆ. ಬ್ರೋಕರ್ ಸ್ಟೇಟ್ಮೆಂಟ್ ಈಗ್ಲೇ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ.

ಇನ್ನೊಂದು, ನೀವೊಬ್ರೇ ದಡ್ಡರು ಅನ್ಕೋಬೇಡಿ. 2024ರ ಸೆಪ್ಟೆಂಬರಲ್ಲಿ ಷೇರು ಮಾರ್ಕೆಟ್ ನಿಯಂತ್ರಕ ಸೆಬಿ ಲೆಕ್ಕ ಬಿಟ್ಟಿತು, ಮೂರು ವರ್ಷದಲ್ಲಿ ಎಫ್‌ಅಂಡ್‌ಓ ಆಡಿದ ಒಂದು ಕೋಟಿಗೂ ಜಾಸ್ತಿ ಜನದಲ್ಲಿ 93 ಪರ್ಸೆಂಟ್ ಜನ ಕಳ್ಕೊಂಡಿದಾರೆ, ತಲೆಗೆ ಸರಾಸರಿ 2 ಲಕ್ಷದ ಆಸುಪಾಸು. ನೀವು ಸರಾಸರಿಗಿಂತ ಮೂರು ಪಟ್ಟು ಮುಂದಿದೀರಿ ಅಷ್ಟೇ 😀 ತಮಾಷೆಗೆ ಅಂದೆ, ಬೇಜಾರಾಗ್ಬೇಡಿ.

ದುರ್ಗದ ಉಳ್ಳಾಗಡ್ಡಿ

ಅಣ್ಣ ನಂದು ಹಿರಿಯೂರು ಕಡೆ, ಷೇರು ಗೀರು ನಂಗೆ ತಿಳಿಯಲ್ಲ, ಕಳ್ಕೊಳ್ಳೋದು ಮಾತ್ರ ಚೆನ್ನಾಗಿ ತಿಳಿದೈತೆ. ಎರಡು ಬೋರು ಕೊರೆಸಿದ್ದೆ, ಏಳ್ನೂರು ಅಡಿ ಹೋದ್ರೂ ಬರೀ ಧೂಳು. ಆಮೇಲೆ 2022ರಲ್ಲಿ ಎಂಥಾ ಮಳೆ ಬಂತು ಗೊತ್ತಲ್ಲ, ನಮ್ಮ ಮಾರಿ ಕಣಿವೆ (ವಾಣಿವಿಲಾಸ ಸಾಗರ) ಡ್ಯಾಂ ಸುಮಾರು 90 ವರ್ಷಕ್ಕೆ ಕೋಡಿ ಬಿತ್ತು, ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ನೋಡಾಕ್ ಹೋಯ್ತು. ಅದೇ ಮಳೆಗೆ ನನ್ನ ಉಳ್ಳಾಗಡ್ಡಿ ಹೊಲದಾಗೇ ಕೊಳೆತು ನಾರ್ತಿತ್ತು. ಉಳಿದಿದ್ದನ್ನ ಆರಿಸಿ ಯಶವಂತಪುರಕ್ಕೆ ಹಾಕಿದ್ರೆ ಲಾರಿ ಬಾಡಿಗೆ, ಹಮಾಲಿ, ಕಮಿಷನ್ ಮುರ್ಕೊಂಡು ನನ್ನ ಕೈಗೆ ಬಸ್ ಚಾರ್ಜ್ ಉಳೀತು. ಸುಳ್ಳಲ್ಲ.

ಆರ್ನೇ ಕ್ಲಾಸ್ ಮಗಳು, ಅಪ್ಪ ಕೋಡಿ ನೋಡಾಕ್ ಕರ್ಕೊಂಡ್ ಹೋಗು ಅಂದ್ಲು, ಬೈದು ಕಳಿಸ್ದೆ. ಆಮೇಲೆ ಎಷ್ಟು ದಿನ ಮನೇಲಿ ಮಾತೇ ಆಡ್ಲಿಲ್ಲ, ಉಣ್ಣೋದು ಮಲಗೋದು ಲೆಕ್ಕ ಹಾಕೋದು. ಒಂದಿನ ರಾತ್ರಿ ಊಟಕ್ಕೆ ಕೂತಾಗ ನೋಡ್ತೀನಿ, ಮಗಳ ಮುಖದ ಮೇಲೆ ಕನ್ನಡಕ ಐತೆ. ಯಾವಾಗ ತಗೊಂಡ್ರಿ ಇದನ್ನ ಅಂದೆ. ಹನ್ನೊಂದು ದಿನ ಆಯ್ತು ಅಂದ್ಲು ನಮ್ಮವಳು, ಹಂಗೇ ಅನ್ನ ಬಡಿಸ್ತಾ. ಹನ್ನೊಂದು ದಿನ ಎದುರಿಗೇ ಕೂತು ಉಂಡೈತೆ ಮಗು, ನಂಗೆ ಕಂಡಿಲ್ಲ. ಬೆಳೆ ಹೋದಾಗ ಅತ್ತಿರ್ಲಿಲ್ಲ ಕಣಣ್ಣ, ಅವತ್ತು ಹಿತ್ತಲಿಗೆ ಹೋಗಿ ಅತ್ತೆ.

ಸಾಲ ಇನ್ನೂ ಐತೆ, ಅದೇನು ಕನ್ನಡಕ ನೋಡಿ ತೀರಿಲ್ಲ. 2025ರ ಜನವರಿಯಾಗೆ ಮತ್ತೆ ಕೋಡಿ ಬಿತ್ತಲ್ಲ, ಬೈಕಲ್ಲಿ ಕರ್ಕೊಂಡು ಹೋಗಿ ತೋರಿಸ್ದೆ, ಮಂಡಕ್ಕಿ ಮೆಣಸಿನಕಾಯಿ ತಿಂದ್ವಿ. ದೊಡ್ಡೋಳಾಗವ್ಳೆ ಈಗ, ಅರ್ಧ ಹೊತ್ತು ಫೋಟೋ ತೆಗೆಯೋದ್ರಾಗೇ ಇದ್ಲು.

ಹರಿಹರದ ಅಕ್ಕ

ಜೆರಾಕ್ಸ್ ತಮ್ಮ, ಎಲ್ರೂ ನಿನಗೆ ಹೇಳ್ತಿದಾರೆ, ನಾನು ನಿನ್ನ ಹೆಂಡ್ತಿ ಕಡೆಯಿಂದ ಹೇಳ್ತೀನಿ ಕೇಳು. ನಮ್ಮನೆಯವ್ರು ಹಿಂಗೇ ಒಂದು ಚೀಟಿ ವ್ಯವಹಾರದಲ್ಲಿ ಕಳ್ಕೊಂಡು ಒಂದೂವರೆ ವರ್ಷ ಬಾಯಿ ಬಿಡ್ಲಿಲ್ಲ. ನನ್ನ ಬಂಗಾರ ಅಡ ಇಟ್ಟಿದ್ದು ನಂಗೆ ಗೊತ್ತಾಗಿದ್ದು ಬ್ಯಾಂಕಿಂದ ಹರಾಜಿನ ನೋಟಿಸ್ ಬಂದಾಗ, ಪೋಸ್ಟ್‌ಮ್ಯಾನ್ ಹತ್ರ ಸೈನ್ ಮಾಡಿ ತಗೊಂಡವಳು ನಾನೇ. ಬಂಗಾರ ಹೋಗಿದ್ದು ನಾಲ್ಕು ದಿನದ ಸಂಕಟ. ಒಂದೂವರೆ ವರ್ಷ ನನ್ನ ಪಕ್ಕದಲ್ಲೇ ಮಲಗಿ ಹೇಳ್ಲಿಲ್ವಲ್ಲ ಅನ್ನೋದು ಈಗ್ಲೂ ಒಂದೊಂದ್ಸಲ ಚುಚ್ಚುತ್ತೆ, ಜಗಳ ಆದಾಗ ಆಡೂ ಆಡ್ತೀನಿ.

ಹೇಳಿಬಿಡು. ಅಪ್ಪನ ಮುಂದೆ ಬೇಡ, ಮೊದ್ಲು ಅವಳಿಗೆ. ಪೂರ್ತಿ ಅಮೌಂಟ್ ಹೇಳು, ನಾಲ್ಕು ಅಂತ ಹೇಳಿ ಎರಡೂವರೆ ಮುಚ್ಚಿಡಬೇಡ, ಗಂಡಸ್ರು ಅದನ್ನೇ ಮಾಡೋದು. ನಿದ್ದೆ ತಿಂಗಳುಗಟ್ಲೆ ಬರ್ತಿಲ್ಲ ಅಂದ್ರೆ ಡಾಕ್ಟರಿಗೂ ತೋರ್ಸು, ಟೆಲಿ ಮಾನಸ್ ಅಂತ ಸರ್ಕಾರದ್ದು ನಂಬರ್ ಇದೆ 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅಪ್ಪನ ಮಾತ್ರೆ ಟೈಮಿಗೆ ಕೊಡ್ತಿದೀಯ ತಾನೆ? ಸ್ಟೆಂಟ್ ಆದ್ಮೇಲೆ ರಕ್ತ ತೆಳು ಮಾಡೋ ಮಾತ್ರೆ ಡಾಕ್ಟರ್ ಹೇಳ್ದೆ ನಿಲ್ಲಿಸೋ ಹಂಗಿಲ್ಲ.

ಬೆಣ್ಣೆದೋಸೆ ಪ್ರಿಯ

ಸಾರಿ ಬ್ರೋ, ಪೂರ್ತಿ ಓದ್ದೆ ಚಿಲ್ ಮಾಡಿ ಅಂದ್ಬಿಟ್ಟೆ. ಬ್ಯಾಂಕ್ ನಿಫ್ಟಿ ಸಾಲು ಈಗ ಓದಿದೆ.

ಪಿಜೆ ಬಡಾವಣೆ ಜೆರಾಕ್ಸ್

ಎಲ್ರಿಗೂ ಥ್ಯಾಂಕ್ಸ್, ಉಳ್ಳಾಗಡ್ಡಿ ಅಣ್ಣಂಗೆ ಸ್ಪೆಷಲ್ಲಾಗಿ. ಭಾನುವಾರ ರಾತ್ರಿ ಹೇಳಿದೆ ಅಕ್ಕ, ಪೂರ್ತಿ ಆರೂವರೆ. ಸುಮಾರು ಹೊತ್ತು ಸುಮ್ನಿದ್ಲು. ಆಮೇಲೆ ಅವಳು ಅಂದಿದ್ದು ಕೇಳಿ, 'ನೀವು ಫೋನ್ ಹಿಡ್ಕೊಂಡು ಬಾತ್‌ರೂಮಿಗೆ ಹೋಗಿ ಅರ್ಧ ಗಂಟೆ ಬರ್ದೇ ಇದ್ದಾಗ ನಾನು ಬೇರೆ ಯಾವಳೋ ಇದಾಳೆ ಅನ್ಕೊಂಡಿದ್ದೆ'. ಎಂಟು ತಿಂಗಳಿಂದ ಅದನ್ನ ಅವಳೂ ಒಳಗೇ ಇಟ್ಕೊಂಡಿದ್ಲಂತೆ. ಆಮೇಲೆ ಚೆನ್ನಾಗಿ ಬೈದ್ಲು, ಎರಡು ದಿನ ಮಾತಿಲ್ಲ, ಇವತ್ತು ಅಂಗಡಿಗೆ ಡಬ್ಬಿ ಬಂತು. ಆ್ಯಪ್ ಅವಳ ಕೈಯಲ್ಲೇ ಡಿಲೀಟ್ ಮಾಡ್ಸಿದೀನಿ. ಸ್ಟೇಟ್ಮೆಂಟ್ ಅದಕ್ಕೂ ಮೊದ್ಲೇ ಇಳಿಸ್ಕೊಂಡೆ ಸರ್.

ಅಪ್ಪಾಜಿಗೆ ಇನ್ನೂ ಹೇಳಿಲ್ಲ. ಮುಂದಿನ ತಿಂಗಳು ಚೆಕಪ್ ಇದೆ, ಅದು ಮುಗೀಲಿ ಅಂತ ಅವಳೇ ಅಂದ್ಲು.